ಹನ್ನೊಂದನೇ ಹೆಸರು

ಸುಬಾಂಗ್ ಜಯಾ
14-10-2024, ಸೋಮವಾರ

ನನ್ನ ಫೋನ್ ನಂಬರನ್ನು ಬ್ಲಾಕ್ ಮಾಡಿ, ಮೆಲಾಕಾದ ಅಪ್ಪ ಅಮ್ಮನ ಮನೆಯಲ್ಲಿ ಅಡಗಿ ಕುಳಿತಿರುವ ಅಕ್ಕನ ಮಗಳು, ನನ್ನ ಸೊಸೆ ಅಮೂಲ್ಯಾಳಿಗೆ, ಸದಾನಂದ ಮಾವನ ಆಶೀರ್ವಾದಗಳು.

ಬ್ಲಾಕ್ ಮಾಡಿದರೆ ಮಾವನ ಬಾಯಿ ಮುಚ್ಚುತ್ತದೆ ಎಂದುಕೊಂಡೆಯಾ? ನಮ್ಮ ಫಿಯೋನಾಳ ತಾಯಿ ಮೋಲಿ ಬಾಯಿಯ ಗಂಡ ಸ್ಟ್ಯಾನ್ಲಿ ಆಫೀಸಿನ ಕೆಲಸಕ್ಕೆ ನಿಮ್ಮ ಕಡೆ ಬರುತ್ತಿದ್ದಾರೆ. ಅವರ ಕೈಯಲ್ಲಿ ನಾಲ್ಕು ಡಬ್ಬಿಯ ಕ್ಯಾರಿಯರ್ ಕಳಿಸಿದ್ದೇನೆ. ಮೇಲಿನ ಡಬ್ಬಿಯಿಂದ ಒಂದೊಂದಾಗಿ ತೆಗೆದು ತಿನ್ನುತ್ತ ಓದು. ಊರಿನಿಂದ ಬಂದ ಹಪ್ಪಳದ ಪ್ಯಾಕೆಟ್ಟಿನ ಅಕ್ಷರ ತೋರಿಸಿ ನಿನಗೆ ಕನ್ನಡ ಕಲಿಸಿದವನು ಏಳನೇ ಕ್ಲಾಸು ಓದಿದ ಈ ಮಾವನೇ ಹೊರತು ನಿನ್ನ ಅಪ್ಪ, ದೊಡ್ಡ ಡಾಕ್ಟರ್ ನಿತ್ಯಾನಂದ ಭಾವ ಅಲ್ಲ. ಇದನ್ನು ಅವರಿಗೂ ಓದಿ ಹೇಳು.

ಫುಟ್‌ಬಾಲಿನಲ್ಲಿ ಹನ್ನೊಂದು ಗೋಲು ತಿಂದದ್ದಕ್ಕೆ ಯಾರಾದರೂ ಕಾಲೇಜು ಬಿಟ್ಟು ಓಡುತ್ತಾರಾ ಮಾರಾಯ್ತಿ? ಆ ಮ್ಯಾಚಿನಲ್ಲಿ ನಿನ್ನ ಮುಂದೆ ನಿಂತಿದ್ದ ಡಿಫೆನ್ಸ್ ಹುಡುಗಿಯರು ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರು. ನೀನು ಇಪ್ಪತ್ತಾರು ಬಾಲು ತಡೆದೆ, ನಾನು ಕಾಲೇಜು ಕ್ಯಾಂಟೀನಿನ ಬಿಲ್ ಪುಸ್ತಕದ ಹಿಂದೆ ಗೆರೆ ಎಳೆದು ಎಣಿಸಿದ್ದೇನೆ. ಆದರೆ ನೀನು ಗ್ಲೌಸ್ ಬಿಚ್ಚಿ ನನ್ನ ಕ್ಯಾಂಟೀನಿನ ಕಸದ ಡ್ರಮ್ಮಿಗೆ ಎಸೆದು, "ಫಿನಿಶ್ ಮಾಮ, ಐ ಕ್ವಿಟ್ ಲಾ" ಎಂದು ಹೋದೆ.

ಆಮೇಲಿನ ಸುದ್ದಿ ನಿನಗೆ ಗೊತ್ತಿಲ್ಲ. ಮರುವಾರವೇ ಕೋಚ್ ಮಹಾಶಯ ಪಕ್ಕದ ಕಾಲೇಜಿಗೆ ಹಾರಿದ. ಹೋಗುವಾಗ ನಾಲ್ವರು ಹುಡುಗಿಯರನ್ನೂ ಕರೆದುಕೊಂಡು ಹೋದ. ಅಲ್ಲಿ ಫೀಸ್ ಮಾಫಿ, ಏಸಿ ಬಸ್, ಬೆನ್ನ ಮೇಲೆ ಹೆಸರು ಬರೆದ ಜೆರ್ಸಿಯಂತೆ. ನಮ್ಮಲ್ಲಿ ಏನಿದೆ? ನನ್ನ ನೀರ್ದೋಸೆ ಇದೆ. ಕ್ಯಾಪ್ಟನ್ ನೂರುಲ್ ಸೇರಿ ಏಳೇ ಜನ ಉಳಿದರು. ಈ ಬರುವ ಶುಕ್ರವಾರ ಸಂಜೆ ಐದರೊಳಗೆ ಹನ್ನೊಂದು ಹೆಸರು ಕೊಡದಿದ್ದರೆ ಹುಡುಗಿಯರ ಟೀಮನ್ನೇ ಮುಚ್ಚುತ್ತೇವೆ ಎಂದು ಸ್ಪೋರ್ಟ್ಸ್ ಆಫೀಸಿನವರು ನೋಟಿಸ್ ಹಚ್ಚಿದರು. ಮೂರು ವರ್ಷದಿಂದ ಆಡುತ್ತಿರುವ ನೂರುಲ್ ಆ ನೋಟಿಸಿನ ಮುಂದೆ ನಿಂತು ಅತ್ತಳು. ಅವಳು ಅತ್ತದ್ದನ್ನು ನೋಡಿ ನಾನೇ ಮ್ಯಾನೇಜರ್ ಆದೆ. ಯಾರೂ ನೇಮಿಸಲಿಲ್ಲ, ಆದರೆ ಬೇಡ ಎನ್ನುವ ಧೈರ್ಯವೂ ಯಾರಿಗೂ ಬರಲಿಲ್ಲ.

ಆಟಗಾರರನ್ನು ಆರಿಸುವುದಕ್ಕೆ ಕೋಚ್‌ಗಳು ಲ್ಯಾಪ್‌ಟಾಪ್ ನೋಡುತ್ತಾರೆ. ನಾನು ಊಟದ ಕ್ಯೂ ನೋಡಿದೆ. ಮೇ ಯಿನ್ ಎಂಬ ಚೀನೀ ಹುಡುಗಿ ಬಿಸಿ ಸೂಪಿನ ಬಟ್ಟಲು ಹಿಡಿದು ನೂರು ಜನರ ನಡುವೆ ಒಂದು ಹನಿ ಚೆಲ್ಲದೆ ನುಸುಳಿ ಹೋದಳು. ಮೂರು ದಿನ ಅವಳ ಪ್ಲೇಟಿಗೆ ಒಂದು ಕರಿಪಫ್ ಜಾಸ್ತಿ ಬಿತ್ತು, ನಾಲ್ಕನೇ ದಿನ ಅವಳೇ ಮೈದಾನ ಎಲ್ಲಿ ಎಂದು ಕೇಳಿದಳು. ಈಗ ಅವಳು ಮಿಡ್‌ಫೀಲ್ಡ್!

ಫಿಯೋನಾ ಮತ್ತು ಶ್ರೀಯಾ ವಿಷಯ ಅಷ್ಟು ಸುಲಭ ಇರಲಿಲ್ಲ. ಹುಡುಗಿಯರಿಗೆ ಆಸೆ ಇತ್ತು, ಗೋಡೆ ಕಟ್ಟಿದವರು ತಾಯಂದಿರು. ಮೋಲಿ ಬಾಯಿ, ಶನಿವಾರ ಇಗರ್ಜಿಯಲ್ಲಿ ಕ್ವಾಯರ್ ಹಾಡಲಿಕ್ಕಿದೆ, ಫಿಯೋನಾ ಬರುವುದಿಲ್ಲ ಎಂದರು. ಶ್ರೀಯಾಳ ತಾಯಿ ಸುಗಂಧಿ ಮೇಡಂ ಸೆಮಿಸ್ಟರ್ ಪರೀಕ್ಷೆಯ ಪಟ್ಟಿಯನ್ನೇ ಓದಿದರು. ಆಗ ನಾನೊಂದು ಚಿಕ್ಕ ಕೆಲಸ ಮಾಡಿದೆ. ಮೋಲಿ ಬಾಯಿಗೆ ಶ್ರೀಯಾ ಸೇರಿಯಾಯಿತು ಎಂದೆ. ಸುಗಂಧಿ ಮೇಡಂಗೆ ಫಿಯೋನಾ ಸೇರಿಯಾಯಿತು ಎಂದೆ.

ಇಬ್ಬರೂ ನಿನ್ನೆ ಭಾನುವಾರ ಬ್ರಿಕ್‌ಫೀಲ್ಡ್ಸ್‌ನ ನಮ್ಮೂರ ಸಾಮಾನಿನ ಅಂಗಡಿಯಲ್ಲಿ ಕುಚ್ಚಲಕ್ಕಿ ಮೂಟೆಯ ಮುಂದೆ ಎದುರಾಗುತ್ತಾರೆ ಎಂದು ನನಗೇನು ಕನಸೇ? ನಾನು ಅಲ್ಲೇ ತೆಂಗಿನಕಾಯಿ ಆರಿಸುತ್ತಿದ್ದೆ. ಕಾಯಿ ಸಮೇತ ಮೂಟೆಗಳ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತೆ.

"ನಿಮ್ಮ ಶ್ರೀಯಾ ಫುಟ್‌ಬಾಲ್ ಸೇರಿದ್ಲಂತೆ, ಕಂಗ್ರಾಟ್ಸ್ ಮಾರಾಯ್ರೆ" ಎಂದರು ಮೋಲಿ ಬಾಯಿ.

ಸುಗಂಧಿ ಮೇಡಂ ತಿರುಗಿ ಮೋಲಿ ಬಾಯಿಯ ಮುಖ ನೋಡಿದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಅವರು ಕೂದಲು ಸರಿಮಾಡಿಕೊಂಡು, "ಹೌದು ರೀ, ತುಂಬಾ ಫೋರ್ಸ್ ಮಾಡಿದ್ರು. ನಿಮ್ಮ ಫಿಯೋನಾನೂ ಅಂತೆ?" ಎಂದರು.

"ಅವಳಿಗೆ ಅದು ಬ್ಲಡ್ಡಲ್ಲೇ ಉಂಟು" ಎಂದರು ಮೋಲಿ ಬಾಯಿ.

ನನ್ನ ಮಗಳು ಇನ್ನೂ ಸೇರಿಲ್ಲ ಎಂದು ಇಬ್ಬರಲ್ಲಿ ಒಬ್ಬರೂ ಬಾಯಿಬಿಡಲಿಲ್ಲ! ಅರ್ಧ ಗಂಟೆಯೊಳಗೆ ನನಗೆ ಎರಡು ಫೋನು. ಮೊದಲನೆಯದರಲ್ಲಿ, "ಎಂತ ಸದಾನಂದಣ್ಣ, ಇನ್ನೂ ನಮ್ಮ ಫಿಯೋನಾನ ಹೆಸರು ಬರೀಲಿಲ್ವಾ ನೀವು? ಕ್ವಾಯರಿನವರ ಹತ್ರ ನಾನು ಮಾತಾಡ್ತೇನೆ." ಎರಡನೆಯದರಲ್ಲಿ, "ಶ್ರೀಯಾಗೆ ಒಳ್ಳೆ ಪೊಸಿಷನ್ ಕೊಡಿ, ಫಿಯೋನಾಗಿಂತ ಮುಂದೆ." ಹೀಗೆ ನಾನು ಮೊನ್ನೆ ಶುಕ್ರವಾರ ಆಡಿದ ಸುಳ್ಳು ಭಾನುವಾರ ಸತ್ಯವಾಯಿತು. ಇಂಥ ವಿದ್ಯೆ ಯಾವ ಯುನಿವರ್ಸಿಟಿಯಲ್ಲಿ ಕಲಿಸುತ್ತಾರೆ ಹೇಳು.

ಈಗ ಹತ್ತು ಜನ. ಗೋಲಿನ ಮುಂದೆ ಮಾತ್ರ ಯಾರೂ ಇಲ್ಲ. ನನ್ನನ್ನೇ ನಿಲ್ಲಿಸಿ ಅಭ್ಯಾಸ ಮಾಡುತ್ತಾರೆ.

ನಾನು ಶಾಲೆಯ ಟೀಮಿನಲ್ಲಿ ಸಿಂಹದಂತಹ ಗೋಲ್‌ಕೀಪರ್ ಆಗಿದ್ದೆ ಎಂದು ನಿನಗೆ ನೂರು ಸಲ ಹೇಳಿದ್ದೇನೆ. ಅದರ ಉಳಿದರ್ಧ ಹೇಳಿಲ್ಲ. ನಾನು ಆಡಿದ್ದು ಒಂದೇ ಮ್ಯಾಚು. ಆರು ಗೋಲು ತಿಂದೆ, ಮರುದಿನದಿಂದ ಮೈದಾನದ ದಾರಿ ಬಿಟ್ಟು ಗದ್ದೆಯ ಬದುವಿನಲ್ಲಿ ಶಾಲೆಗೆ ಹೋದೆ. ಗೋಲ್‌ಕೀಪರ್ ಇಲ್ಲದೆ ಉಳಿದ ಹತ್ತು ಹುಡುಗರೂ ಆಟ ಬಿಟ್ಟರು. ಅವರಲ್ಲಿ ಒಬ್ಬನೂ ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಇರಲಿ. ನೀನು ಬರಬೇಕು ಎಂದು ನಾನು ಹೇಳುವುದಿಲ್ಲ. ನಾನು ಊಟ ಕಳಿಸಿದ್ದೇನೆ, ಅಷ್ಟೇ. ಅಕ್ಕನಿಗೂ ಭಾವನಿಗೂ ನೆನಪು ಹೇಳು. ಕೋರಿ ಸುಕ್ಕದ ಕೋಳಿ ಎರಡನೇ ಡಬ್ಬಿಯಲ್ಲಿದೆ, ನಿನ್ನ ಅಪ್ಪನಿಗಿಂತ ಮೊದಲು ಕೈಹಾಕು.

ಇಂತಿ, ಹನ್ನೊಂದು ಗೋಲಿನ ಸೊಸೆಗೆ ತಕ್ಕ ಆರು ಗೋಲಿನ ಮಾವ,
ಸದಾನಂದ
(ಮ್ಯಾನೇಜರ್, ಕ್ಯಾಂಟೀನ್ ಮತ್ತು ಫುಟ್‌ಬಾಲ್)

ಮರೆತದ್ದು: ಆ ಏಳು ಜನ ಸುಮ್ಮನೆ ಉಳಿದದ್ದಲ್ಲ. ಗೋಲ್‌ಕೀಪರ್ ಯಾರು ಎಂದು ನೂರುಲ್ ಅಳುತ್ತ ಕೇಳಿದಾಗ, ಅಮೂಲ್ಯಾ ಬರುತ್ತೇನೆ ಅಂದಿದ್ದಾಳೆ ಎಂದುಬಿಟ್ಟೆ. ಅವಳು ಕಣ್ಣೊರೆಸಿಕೊಂಡು ಪಟ್ಟಿಯ ಮೊದಲ ಸಾಲಿನಲ್ಲಿ ನಿನ್ನ ಹೆಸರು ಬರೆದಳು, ಅದನ್ನು ನಂಬಿ ಉಳಿದವರೂ ನಿಂತರು. ಇದನ್ನು ಸತ್ಯ ಮಾಡಲು ಶುಕ್ರವಾರ ಐದರವರೆಗೆ ಸಮಯವಿದೆ. ಕೊನೆಯ ಡಬ್ಬಿಯಲ್ಲಿ ತಿನ್ನುವುದಕ್ಕೆ ಏನೂ ಇಲ್ಲ, ನಿನ್ನ ಗ್ಲೌಸ್ ಇವೆ. ಮೂರು ಸಲ ತೊಳೆದೆ. ಆದರೂ ಸುಕ್ಕದ ಮಸಾಲೆ ವಾಸನೆ ಬಂದರೆ ಬೈಯಲು ನನ್ನ ನಂಬರನ್ನು ಅನ್‌ಬ್ಲಾಕ್ ಮಾಡು.