ಭೂಮಿಯ ಓರಗಿತ್ತಿ

ಪ್ರೀತಿಯ ದೊಡ್ಡಮ್ಮ,

ನಿನಗೆ ಕಾಗದ ಬರೆಯುವುದು ಸರಿಯೋ ತಪ್ಪೋ ಗೊತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡ. ನೀನಿದ್ದಾಗ ಹಾಸ್ಟೆಲ್‌ನಿಂದ ಒಂದು ಕಾರ್ಡೂ ಹಾಕದವಳು, ತೀರಿಕೊಂಡ ಮೇಲೆ ಈಗ... ಆದರೆ ಈ ವಿಷಯವನ್ನು ನಿನ್ನನ್ನೇ ಕೇಳಬೇಕು.

ಮೊನ್ನೆ ಶಿಕಾರಿಪುರದ ನಮ್ಮ ಕಾಲೇಜಿನಲ್ಲಿ ಒಂದು ಸಣ್ಣಕತೆ ಓದಿಸಿದರು. ಗಂಡ ಬಿಟ್ಟ ಹೆಂಗಸೊಬ್ಬಳು ಕೊನೆಗೆ ಗದ್ದೆಯಲ್ಲಿ ಮಲಗಿ ಮಣ್ಣೇ ಆಗಿಬಿಡುತ್ತಾಳೆ. ಕತೆಯುದ್ದಕ್ಕೂ ಅವಳಿಗೆ ಹೆಸರಿಲ್ಲ. ಹೆಣ್ಣನ್ನೂ ನೆಲವನ್ನೂ ಒಟ್ಟಿಗೆ ಇಟ್ಟು ಓದುವುದಕ್ಕೆ ಇಕೋಫೆಮಿನಿಸಂ ಅನ್ನುತ್ತಾರೆ ಎಂದು ಮೇಡಂ ಬೋರ್ಡಿನ ಮೇಲೆ ಬರೆದರು. ಹೆಣ್ಣು ಭೂಮಿಯ ಹಾಗೆ ಸಹಿಸುತ್ತಾಳೆ, ಅದೇ ಈ ಕತೆಯ ಬ್ಯೂಟಿ ಎಂದು ಎಲ್ಲರೂ ಹೇಳಿದರು. ನನಗೆ ಅದೇನಾಯಿತೋ, ಎದ್ದು ನಿಂತೆ.

"ಮಣ್ಣಾಗೋಕೆ ಮುಂಚೆ ಅವಳು ಊಟ ಮಾಡಿದ್ಲಾ ಮೇಡಂ?"

"ಇವಳಿಗೆ ಹಾಸ್ಟೆಲ್ ಊಟ ಸಾಲ್ತಿಲ್ಲ ಮೇಡಂ," ಎಂದು ಹಿಂದಿನ ಬೆಂಚಿನವಳು ನಗಿಸಿದಳು. ಮೇಡಂ ನಗಲಿಲ್ಲ. "ಸೋಮವಾರ ಸೆಮಿನಾರ್ ನೀನೇ ಮಾಡು. ಬರೀ ಡೌಟ್ ಸಾಲದು, ಆಧಾರ ಬೇಕು," ಎಂದರು.

ನನ್ನ ಹತ್ತಿರ ಇರುವ ಆಧಾರ ನೀನೊಬ್ಬಳೇ.

ನಾನು ಚಿಕ್ಕವಳಿದ್ದಾಗ ಒಂದು ವರ್ಷ ಭೂಮಿ ಹುಣ್ಣಿಮೆಗೆ ನೀನು ಜಗಲಿಯಲ್ಲಿ ಕೂತು, ಗದ್ದೆಗೆ ಎಡೆ ಹೊರುವ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಿದ್ದೆ. ತೆನೆ ಇನ್ನೂ ಒಡಲೊಳಗಿರುವ, ಹೊಡೆಯಾದ ಭತ್ತದ ಗದ್ದೆ ಬಸುರಿ ಇದ್ದ ಹಾಗೆ, ಅವಳ ಬಯಕೆಗೆ ಅಡುಗೆ ಮಾಡಿ ಬಡಿಸಬೇಕು ಎಂದು ನನಗೆ ಹೇಳಿಕೊಟ್ಟವಳು ನೀನೇ. ಆಮೇಲೆ ಅಜ್ಜಿ ಒಳಗಿದ್ದಾಳಾ ನೋಡಿ, ದನಿ ತಗ್ಗಿಸಿ ಹೇಳಿದೆ:

"ಸುಮ ಹೊಟ್ಟೇಲಿದ್ಲು ಕಣೇ. ಸೌತೆಕಾಯಿ ಕಡುಬಿನ ವಾಸ್ನೆ ಬಂದು ಬಾಯಲ್ಲಿ ನೀರು. 'ಮೊದ್ಲು ಭೂಮಿ ತಾಯಿ ತಿನ್ಲಿ' ಅಂದ್ರು ನಿಮ್ಮಜ್ಜಿ. ಗದ್ದೆಗೇನ್ ಬೇಕು ಅಂತ ಊರಿಗೆಲ್ಲ ಗೊತ್ತು, ನಂಗೇನ್ ಬೇಕು ಅಂತ ಒಬ್ರೂ ಕೇಳ್ಲಿಲ್ಲ. ಬುಟ್ಟಿಯಿಂದ್ಲೇ ಒಂದು ಕಡುಬು ತಗಂಡು ಮುರ್ದು, ಅರ್ಧ ತಿಂದು ಅರ್ಧ ಭೂಮಿ ತಾಯಿಗೇ ಬಿಟ್ಟೆ."

"ಪಾಪ ಬರಲ್ವಾ ದೊಡ್ಡಮ್ಮ?"

"ಎಂಥಾ ಪಾಪ? ಅವಳು ನನ್ನ ಓರಗಿತ್ತಿ ಇದ್ದಂಗೆ. ಇಬ್ರೂ ಒಂದೇ ಮನೆಗೆ ದುಡಿಯೋರು, ಇಬ್ರೂ ಬಸುರೀರು. ನಾನು ಹಸ್ಕಂಡಿದ್ರೆ ಅವಳಿಗೆ ಊಟ ಸೇರತ್ತಾ?"

ಇದಕ್ಕಿಂತ ದೊಡ್ಡ ಪಾಯಿಂಟ್ ನನಗೆ ಲೈಬ್ರರಿಯಲ್ಲೂ ಸಿಗಲಿಲ್ಲ. ಆ ಕತೆಯಲ್ಲಿ ಹೆಣ್ಣು ಭೂಮಿಯೇ ಆಗಿಬಿಡುತ್ತಾಳೆ, ಆದ್ದರಿಂದ ಅವಳನ್ನು ಯಾರೂ ಏನೂ ಕೇಳಬೇಕಾಗಿಲ್ಲ. ನೀನು ಭೂಮಿ ಆಗಲಿಲ್ಲ. ಅವಳ ಪಕ್ಕದಲ್ಲಿ ಕೂತು ಪಾಲು ಕೇಳಿದೆ. ಅಲ್ಲವಾ?

ಕಷ್ಟ ಇರುವುದು ಇಲ್ಲಿ. ಸುಮ ನಿನ್ನ ಹೊಟ್ಟೆಯಲ್ಲಿದ್ದ ಆ ಸಲ ಪೈರು ಜೊಳ್ಳಾಯಿತಲ್ಲ, ಯಾರೋ ಎಡೆ ಎಂಜಲು ಮಾಡಿದ್ದಕ್ಕೇ ಹಾಗಾಯಿತು ಎಂದು ಅಜ್ಜಿ ಈಗಲೂ ಗೊಣಗುತ್ತಾಳೆ. ಸುಮ ನನ್ನ ಕ್ಲಾಸಿನಲ್ಲೇ ಇದ್ದಾಳೆ, ಅವಳಿಗೆ ಇದೊಂದೂ ಗೊತ್ತಿಲ್ಲ. ನಾನು ಸೋಮವಾರ ಬಾಯಿ ಬಿಟ್ಟರೆ ಮಾತು ಊರು ಮುಟ್ಟುತ್ತದೆ. ನೀನು ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ನಾನು ಮಾರ್ಕ್ಸಿಗೋಸ್ಕರ... ಹೆಸರು ಬಿಟ್ಟು "ಒಬ್ಬ ಹೆಂಗಸು" ಅನ್ನೋಣವೆಂದರೆ, ಆ ಕತೆ ಬರೆದವರಿಗೂ ನನಗೂ ಏನು ವ್ಯತ್ಯಾಸ?

ನಿನಗೆ ಗೊತ್ತಿಲ್ಲದ ಸುದ್ದಿಯೊಂದಿದೆ. ಈ ವರ್ಷ ಬುಟ್ಟಿ ಬರೆದವಳು ಸುಮ. ಗೆರೆ ಸ್ವಲ್ಪ ಸೊಟ್ಟ. "ನಮ್ಮಮ್ಮಂಗೆ ಏನು ಇಷ್ಟ ಇತ್ತೇ? ನಂಗೆ ನೆನಪೇ ಆಗ್ತಿಲ್ಲ," ಎಂದು ನನ್ನನ್ನು ಕೇಳಿದಳು. ನಾನು ಅಕ್ಕಿಹಿಟ್ಟಿನ ಬಟ್ಟಲನ್ನು ಅವಳ ಕಡೆ ಸರಿಸಿದೆ.

ಹೇಳುವುದಾದರೆ ಭಾನುವಾರ ಮೊದಲು ಅವಳಿಗೆ ಹೇಳುತ್ತೇನೆ, ಆಮೇಲೆ ಕ್ಲಾಸಿಗೆ, ಚೌಡಮ್ಮ ಎಂದು ನಿನ್ನ ಹೆಸರು ಹಿಡಿದೇ. ಹೂಂ ಅನ್ನು, ಬೇಡ ಅನ್ನು, ಯಾವುದಾದರೂ ಸರಿ. ಬೇಗ ಉತ್ತರ ಬರಿ.