ನೀವು ಕಸವೆಂದು ಸಾಗಿಸಿದ ಕಲ್ಲುಗಳು

ಜಿಲ್ಲೆಯ ಪುರಾತನ ಕಟ್ಟಡಗಳ ಸಂರಕ್ಷಣಾಧಿಕಾರಿಗಳಿಗೆ,

ಮಾನ್ಯರೇ, ನಮ್ಮೂರು ವಾಲ್ಮೇನಿಯ ಹಾಳುಚರ್ಚನ್ನು ನೀವು ಎಷ್ಟು ಚೆನ್ನಾಗಿ ಸಂರಕ್ಷಿಸಿದ್ದೀರೆಂದರೆ ಈಗ ಅದರೊಳಗೆ ಊರಿನವರಿಗೇ ಜಾಗವಿಲ್ಲ. ಈ ವಸಂತದಲ್ಲಿ ಸುತ್ತ ಬೇಲಿ ಹಾಕಿಸಿ ಬೀಗ ಜಡಿದಿರಿ. ಒಳಗೆ ನಾವು ಸಾಲಾಗಿ ಇಟ್ಟಿದ್ದ ಕಲ್ಲುಗಳನ್ನು ‘ಅನಧಿಕೃತ ತ್ಯಾಜ್ಯ’ ಎಂದು ಲಾರಿಗೆ ತುಂಬಿಸಿ ಕಳಿಸಿದಿರಿ. ನಾನು ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದವಳು. ಅಧಿಕಾರಿಗಳಿಗೆ ಬರೆದು ಅಭ್ಯಾಸವಿಲ್ಲ. ಈ ಪತ್ರವನ್ನೇ ಹಲವು ಸಲ ಹರಿದುಹಾಕಿದ್ದೇನೆ. ತಪ್ಪಿದ್ದರೆ ಕ್ಷಮಿಸಿ. ಆದರೆ ಅದು ತ್ಯಾಜ್ಯವಲ್ಲ.

ಶತಮಾನಗಳ ಕಾಲ ನಿಂತಿದ್ದ ಆ ಚರ್ಚು ಮೊದಲನೆಯ ಮಹಾಯುದ್ಧದ ಒಂದು ಬೇಸಿಗೆಯಲ್ಲಿ ನೆಲಸಮವಾಯಿತು. ಬೀಳಿಸಿದ್ದು ಜರ್ಮನ್ ಫಿರಂಗಿಯೋ ಇಂಗ್ಲಿಷ್ ಫಿರಂಗಿಯೋ ಊರಿನಲ್ಲಿ ಯಾರಿಗೂ ಖಚಿತವಿಲ್ಲ. ಯಾರಿಗಾದರೂ ನನ್ನೊಂದಿಗೆ ಜಗಳವಾದ ದಿನ ಮಾತ್ರ ಅದು ಖಂಡಿತ ಇಂಗ್ಲಿಷರದು. ನನ್ನ ಅಪ್ಪ ಇಂಗ್ಲಿಷರು, ಆ ಯುದ್ಧದಲ್ಲಿ ಮಡಿದ ಇಂಗ್ಲಿಷ್ ಸೈನಿಕರಿಗಾಗಿ ಪಕ್ಕದಲ್ಲಿರುವ ಸ್ಮಶಾನದಲ್ಲಿ ತೋಟಗಾರರು. ಯುದ್ಧ ಮುಗಿದು ಮರಳಿದ ಊರಿನವರಿಗೆ ಸೂರಿರಲಿಲ್ಲ. ಚರ್ಚಿನ ಕಲ್ಲು ಹೊತ್ತು ತಂದು ಮನೆ ಕಟ್ಟಿಕೊಂಡರು. ಚರ್ಚಿನಿಂದ ತಂದದ್ದನ್ನು ಚರ್ಚಿಗೆ ಹಿಂತಿರುಗಿಸಬೇಡವೇ? ಅಂದಿನಿಂದ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಗೋಡೆಯಿಂದ ಒಂದು ಕಲ್ಲು ಬಿಡಿಸಿ, ಶವಪೆಟ್ಟಿಗೆಯ ಮುಂದೆ ಹೊತ್ತು, ಹಳೆಯ ಗೋಡೆಯ ಗುರುತಿನ ಮೇಲೆ ಇಡುತ್ತೇವೆ. ಮನೆಯ ಗೋಡೆಯಲ್ಲಿ ಖಾಲಿಯಾದ ಜಾಗಕ್ಕೆ ಕೆಂಪು ಇಟ್ಟಿಗೆ. ನಿಮ್ಮ ಪರಿಣತರು ಅದನ್ನು ‘ಕಳಪೆ ದುರಸ್ತಿ’ ಎಂದರಂತೆ.

ಹಾಸ್ಟೆಲಿನಲ್ಲಿ ಓದಿ ಬೆಳೆದ ನಾನು ಊರಿನ ಸಾವುಗಳಿಗೆಲ್ಲ ತಡವಾಗಿ ತಲುಪಿದವಳು. ಕಳೆದ ಚಳಿಗಾಲದಲ್ಲಿ ತಾತನ ಕಲ್ಲನ್ನು ಮಾತ್ರ ನಾನೇ ಹೊತ್ತೆ. ಮೇ ತಿಂಗಳಲ್ಲಿ ಅಜ್ಜಿ ಓರ್ತಾನ್ಸ್ ಜೊತೆ ಹೂವು ಹಿಡಿದು ಹೋದರೆ ಬೇಲಿಯ ಬಳಿ ನಿಮ್ಮ ಕಾವಲುಗಾರ.

“ಬೀಗ ತೆಗಿಯಪ್ಪಾ, ನಮ್ಮ ಯಜಮಾನ್ರನ್ನ ನೋಡ್ಬೇಕು.”

“ಒಳಗೆ ಏನೂ ಇಲ್ಲ ಅಜ್ಜಿ. ಕಲ್ಲೆಲ್ಲಾ ಲಾರೀಲಿ ಹೋಯ್ತು. ರಸ್ತೆ ಗುಂಡಿಗೆ ಹಾಕ್ತಾರಂತೆ.”

“ಬದುಕಿದ್ದಾಗ ಒಂದಿನ ರಸ್ತೆ ಕೆಲಸಕ್ಕೆ ಹೋದೋರಲ್ಲ,” ಎಂದರು ಅಜ್ಜಿ. “ಸತ್ಮೇಲೆ ಹಿಡ್ಕೊಂಡೋದ್ರಾ?”

ಅವನು ಟೋಪಿ ತೆಗೆದ. ಬೀಗ ತೆಗೆಯಲಿಲ್ಲ.

ಗೋಡೆ ಕುಸಿಯುವ ಅಪಾಯವಿದೆ ಎನ್ನುತ್ತದೆ ನಿಮ್ಮ ಫಲಕ. ಅಲ್ಲಿ ಉಳಿದಿರುವ ಮೊಣಕಾಲೆತ್ತರದ ಮೋಟುಗೋಡೆ ಯಾರ ಮೇಲೆ ಕುಸಿಯುತ್ತದೆ, ಮಾನ್ಯರೇ? ನಮ್ಮ ರೈತರು ಉಳುವಾಗ ಆ ಯುದ್ಧದ ಸಿಡಿಯದ ಫಿರಂಗಿ ಗುಂಡುಗಳು ಇಂದಿಗೂ ಮೇಲೆ ಬರುತ್ತವೆ. ಅವನ್ನು ದಾರಿಬದಿಯಲ್ಲಿಟ್ಟು ಸರ್ಕಾರದ ವಾಹನಕ್ಕಾಗಿ ವಾರಗಟ್ಟಲೆ ಕಾಯುತ್ತಾರೆ. ಗುಂಡಿಗಿಲ್ಲದ ಅವಸರ ಕಲ್ಲಿಗೇಕೆ?

ಅಜ್ಜಿ ತಮ್ಮ ಪಾಲಿನ ಕಲ್ಲನ್ನು ಒಲೆಯ ಪಕ್ಕದ ಗೋಡೆಯಿಂದ ಆಗಲೇ ಬಿಡಿಸಿಟ್ಟಿದ್ದಾರೆ. ಅಡುಗೆಮನೆಯಲ್ಲಿ ತಾತನ ಕುರ್ಚಿಯ ಮೇಲೆ ಅದು ಕೂತಿದೆ. “ಆ ಬಾಗಿಲು ತೆಗಿಯೋ ತನಕ ನಾನು ಸಾಯಲ್ಲ ಕಣೇ. ನಿನ್ನ ಇಂಗ್ಲಿಷ್ ಅಪ್ಪಂಗೂ ಹೇಳ್ಬಿಡು,” ಎಂದಿದ್ದಾರೆ. ಕೇಳಿ ನನಗೆ ಸಮಾಧಾನವಾಯಿತು. ನಿಮ್ಮ ಕಚೇರಿಯ ನಿಧಾನದಿಂದ ಒಬ್ಬರಿಗಾದರೂ ಆಯಸ್ಸು ಬರುತ್ತದಲ್ಲ! ಆದರೆ ಈಗ ಅವರಿಗೆ ಸೂಪಿನ ಚಮಚ ಎತ್ತುವುದೂ ಆಯಾಸ. ನಾನು ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ: “ತೆಗೆದ್ರಾ?”

ಲಾರಿ ಸಾಗಿಸಿದ ಕಲ್ಲುಗಳನ್ನು ಹಿಂದಕ್ಕೆ ತರಿಸಿ. ಆಗಲೇ ರಸ್ತೆಗೆ ಸೇರಿದ್ದರೆ ಯಾವ ರಸ್ತೆಯೆಂದು ಹೇಳಿ. ಹೂವನ್ನು ಅಲ್ಲೇ ಇಡುತ್ತೇವೆ. ಬೇಲಿಯ ಬೀಗ ತೆಗೆಯಿರಿ. ಅಜ್ಜಿ ದಣಿದಿದ್ದಾರೆ, ಅವರನ್ನು ಇನ್ನು ಕಾಯಿಸಬೇಡಿ.

ಇಂತಿ,
ನಿಮ್ಮ ಉತ್ತರ ಬರಲೆಂದೂ ಬರದಿರಲೆಂದೂ ಕಾಯುತ್ತಿರುವ
ಸೊಲೀನ್ ವಿಟೇಕರ್