ಹಿಡಿಯದ ಕಂದಕದ ಬಹಾದ್ದೂರರು

ಬಸ್ರಾ ದವಾಖಾನಿ, ೧೯೧೭

ಕೊಣ್ಣೂರಿನ ಅಪ್ಪಾರ ಪಾದಕ್ಕ ಶೆಟ್ಟೆಪ್ಪನ ಶರಣು.

ಟಪಾಲಿಗೆ ಹಾಕಿದರ ಸಾಹೇಬರು ಒಡೆದು ಓದತಾರ. ಅದಕ್ಕ ಕಾಲು ಕಳಕೊಂಡು ಊರಿಗೆ ಹೊಂಟ ದುಂಡಪ್ಪನ ಕೈಯಾಗ ಕೊಟ್ಟೇನಿ.

ನಮ್ಮ ಕರ್ನಲ್ ಸಾಹೇಬರು ಭಾಳ ಧೈರ್ಯವಂತರು. ತುರ್ಕರ ಕಂದಕ ಹಿಡಿಯೂದಕ್ಕ ಮೊದಲ ‘ಹಿಡಿದೇವಿ’ ಅಂತ ಜನರಲ್ ಸಾಹೇಬರಿಗೆ ತಾರು ಕಳಿಸಿಬಿಟ್ಟರು. ಜನರಲ್‌ರು ಖುಷಿಯಾಗಿ ಲಾಟಸಾಹೇಬರಿಗೆ ತಿಳಿಸಿದರು. ಆಮ್ಯಾಲೆ ಕಂದಕ ಹಿಡಿಯಾಕ ನಮ್ಮನ್ನ ಓಡಿಸಿದರು.

“ಮೊದಲು ತೋಪು ಹೊಡಸ್ರಿ” ಅಂತ ನಾ ನಮ್ಮ ಹುಕ್ಕೇರಿ ಸುಬೇದಾರ ಮೇಜರರಿಗೆ ಅಂದೆ.

“ಹುಚ್ಚ ಅದೀಯೇನಲೇ? ಹಿಡಿದ ಕಂದಕದ ಮ್ಯಾಲ ತೋಪು ಹೊಡಿ ಅಂದರ ಕರ್ನಲ್‌ರ ಮಾತು ಸುಳ್ಳಾಗತೈತಿ. ನನ್ನ ಬಡ್ತಿ ಏನಾಗಬೇಕು?” ಅಂದರು.

ಓಡಿದಿವಿ. ತುರ್ಕರ ಮಷೀನ್‌ಗನ್ನುಗಳು ನಮ್ಮವರನ್ನ ಕಬ್ಬು ಕಡಿದಂಗ ಕಡಿದವು. ಬಾಜೂದಾಗಿದ್ದವನ ಕರುಳು ಮುಳ್ಳುತಂತಿಗೆ ತೊಡಕಿತ್ತು. ಅವ ‘ಯವ್ವಾ’ ಅನ್ನೂದರಾಗ ತಲಿನೂ ಹೋತು. ನನ್ನ ಬಲಗೈ ಹೋತು; ಇದು ಎಡಗೈ ಅಕ್ಷರ, ಬೈಯಬ್ಯಾಡ್ರಿ. ಕರ್ನಲ್‌ರು ಈಗ ಜನರಲ್ ಆಗ್ಯಾರ. ಕಂದಕ ಮಾತ್ರ ಇನ್ನೂ ತುರ್ಕರ ಕಡೇನ ಐತಿ.

ಸುಬೇದಾರ ಮೇಜರರು ಹೊಸ ಬಿಲ್ಲೆ ಹಾಕ್ಕೊಂಡು, ಹುಡುಗರನ್ನ ಪಲ್ಟನ್ನಿಗೆ ಸೇರಸಾಕ ನಮ್ಮೂರಿಗೆ ಬರತಾರ. ಮಾಲಿ ಹಾಕ್ರಿ, ಹಾಲು ಕೊಡ್ರಿ. ನನ್ನ ತಮ್ಮ ಮಾಯಪ್ಪನ್ನ ಮಾತ್ರ ಇವತ್ತ ಮಸಗುಪ್ಪಿ ಅತ್ತಿ ಮನಿಗೆ ಕಳಸ್ರಿ. “ಗಂಡಮಕ್ಕಳು ಎಷ್ಟು?” ಅಂತ ಅವರು ಕೇಳಿದರ, “ಒಬ್ಬನ ಇದ್ದ, ನಿಮಗ ಕೊಟ್ಟೇವಿ” ಅನ್ರಿ.

ನಿಮ್ಮ ಮಗ,
ಶೆಟ್ಟೆಪ್ಪ